ಒಂದೇ ರೈಲು ಹಳಿ ಹಿಡಿದು ಈಸಾನ್ ಸುತ್ತಿದ್ದು: ಮೂರನೇ ಸಲ ಕೈಗೂಡಿತು

"ಈಸಾನ್‌ನಲ್ಲಿ ಏನಿದೆ ಮಾರಾಯಾ, ಬರೀ ಗದ್ದೆ" ಅಂದವರೆಲ್ಲ ಥೈಲ್ಯಾಂಡಿಗೆ ನಾಲ್ಕೈದು ಸಲ ಹೋಗಿ ಬಂದವರೇ. ಪಟಾಯ, ಫುಕೆಟ್, ಕ್ರಾಬಿ, ಮತ್ತೆ ಪಟಾಯ. ಈಸಾನ್ ಅಂದರೆ ಅದೇ ದೇಶದ ಈಶಾನ್ಯ ಭಾಗ. ನಾನು ಅಲ್ಲಿಗೆ ಎರಡು ಸಲ ಹೋಗಿ ಕೈ ಸುಟ್ಟುಕೊಂಡಿದ್ದೆ, ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ. ಈಗ ಬಿಡಬಹುದು. 2024ರ ಡಿಸೆಂಬರ್‌ನಲ್ಲಿ ನಾನೂ ನನ್ನ ಹೆಂಡತಿಯೂ ಹನ್ನೆರಡು ದಿನ ಆ ಗದ್ದೆಗಳ ನಡುವೆ ತಿರುಗಿ ಬಂದೆವು. ವಿಮಾನದ ಖರ್ಚು ಬಿಟ್ಟು ತಲೆಗೆ ಹೆಚ್ಚುಕಡಿಮೆ 12 ಸಾವಿರ ಬಾತ್ ಆಯಿತು. ಆಗಿನ ಲೆಕ್ಕದಲ್ಲಿ ಮೂವತ್ತು ಸಾವಿರ ರೂಪಾಯಿಯ ಆಚೀಚೆ.

ಮೊದಲು ಸೋತ ಕಥೆ ಹೇಳಿಬಿಡುತ್ತೇನೆ.

ಬುರಿರಾಮ್ ಪ್ರಾಂತ್ಯದಲ್ಲಿ ಆರಿಹೋದ ಒಂದು ಜ್ವಾಲಾಮುಖಿಯ ಮೇಲೆ ಫನೋಮ್ ರುಂಗ್ ಅಂತ ಕಾಂಬೋಡಿಯಾದ ಅಂಗ್ಕೋರ್ ಕಟ್ಟಿದ ಖಮೇರರ ಕಾಲದ ಶಿವನ ಗುಡಿ ಇದೆ. ಅಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮೊದಲ ವಾರ ಮತ್ತು ಸೆಪ್ಟೆಂಬರ್ ಎರಡನೇ ವಾರದಲ್ಲಿ, ಹುಟ್ಟುವ ಸೂರ್ಯ ಹದಿನೈದು ಬಾಗಿಲುಗಳ ಮೂಲಕ ನೇರವಾಗಿ ಕಾಣುತ್ತಾನೆ. ಅದನ್ನು ನೋಡಲೇಬೇಕು ಅಂತ ನನಗೆ ಹುಚ್ಚು ಹಿಡಿದಿತ್ತು. 2023ರ ಸೆಪ್ಟೆಂಬರ್‌ಗೆ ಟಿಕೆಟ್ ಮಾಡಿದೆ. ವಿಮಾನ ಅಗ್ಗ. ಯಾಕೆ ಅಗ್ಗ ಅಂತ ಯೋಚಿಸಲಿಲ್ಲ. ಆಗ ನಮಗೆ ವೀಸಾ ಆನ್ ಅರೈವಲ್‌ಗೆ 2,000 ಬಾತ್ ಕೊಡಬೇಕಿತ್ತು, ಕೊಟ್ಟೆ. ಮೂರು ದಿನ ಬೆಳಗ್ಗೆ ನಾಲ್ಕಕ್ಕೆ ಎದ್ದು ಗುಡ್ಡ ಹತ್ತಿದೆ. ಮೂರು ದಿನವೂ ಮಳೆ ಮೋಡ. ಆಮೇಲೆ ಬ್ಯಾಂಕಾಕಿಗೆ ವಾಪಸ್, ಅಲ್ಲಿಂದ ಮತ್ತೆ ಈಸಾನ್ ಪೂರ್ವ ತುದಿಯ ಉಬೋನ್‌ಗೆ, ಮತ್ತೆ ವಾಪಸ್. ಎಲ್ಲವನ್ನೂ ಬ್ಯಾಂಕಾಕಿನಿಂದಲೇ ಹೋಗಿ ಬಂದು ನೋಡುವುದು ಅಂತ ನನ್ನ ಪ್ಲಾನ್. ಮೋ ಚಿತ್ ಬಸ್ ನಿಲ್ದಾಣದ ಕುರ್ಚಿಗಳ ಪರಿಚಯ ಆಯಿತು, ಅಷ್ಟೇ.

ಆ ಸಲ ಜಾಸ್ತಿ ಹೊಟ್ಟೆ ಉರಿಸಿದ್ದು ಸಾಮ್ ಫಾನ್ ಬೋಕ್. ಹೆಸರಿನ ಅರ್ಥ ಮೂರು ಸಾವಿರ ಗುಂಡಿ. ಉಬೋನ್ ಪಟ್ಟಣದಿಂದ ಈಶಾನ್ಯಕ್ಕೆ ನೂರಿಪ್ಪತ್ತು ಕಿಲೋಮೀಟರ್ ಆಗಬಹುದು, ಮೆಕಾಂಗ್ ನದಿಯ ತಳದಲ್ಲಿರುವ ಕಲ್ಲುಹಾಸು. ಡ್ರೈವರ್ ಸಮೇತ ಕಾರಿಗೆ ಎರಡು ಸಾವಿರ ಬಾತ್ ಕೊಟ್ಟು ಹೋದೆ. ದಡದಲ್ಲಿ ನಿಂತು ನೋಡಿದರೆ ಕೆಂಪು ನೀರು, ದಡದಿಂದ ದಡಕ್ಕೆ. ಡ್ರೈವರ್ ನೀರಿನತ್ತ ಕೈ ತೋರಿಸಿ ನಕ್ಕ. ಗುಂಡಿಗಳೆಲ್ಲ ಕೆಳಗಿವೆ ಅಂತ. ನದಿ ಇಳಿದ ಮೇಲೆ ಮಳೆಯಿಲ್ಲದ ತಿಂಗಳುಗಳಲ್ಲಿ ಮಾತ್ರ ಅವು ಕಾಣುವುದು. ನನಗೆ ಗೊತ್ತಿರಲಿಲ್ಲವೇ ಅಂದರೆ, ಗೊತ್ತಿತ್ತು. ಸ್ವಲ್ಪವಾದರೂ ಕಾಣಬಹುದು ಅಂದುಕೊಂಡಿದ್ದೆ.

ಎರಡನೇ ಸಲ 2024ರ ಏಪ್ರಿಲ್. ಅಷ್ಟರಲ್ಲಿ ವೀಸಾ ಬೇಡವಾಗಿತ್ತು, ಅದೊಂದೇ ಉಳಿತಾಯ. ಗುಡಿಯ ಹತ್ತಿರದ ಊರು ನಾಂಗ್ ರೋಂಗ್‌ನಲ್ಲಿ 450 ಬಾತ್ ಇದ್ದ ರೂಮು ಸಾವಿರ ದಾಟಿತ್ತು, ಅದೂ ಖಾಲಿ ಇರಲಿಲ್ಲ. ಸೂರ್ಯನ ದಿನಗಳಿಗೆ ಥಾಯ್ ಜನ ಬಸ್ಸು ಬಸ್ಸಾಗಿ ಬರುತ್ತಾರೆ. ಬಿಸಿಲು 40 ಡಿಗ್ರಿ. ಸುತ್ತ ಹೊಲದ ಕೂಳೆ ಸುಟ್ಟ ಹೊಗೆ. ಬಾಗಿಲಿನಾಚೆ ಸೂರ್ಯ ಬಂದಾಗ ಹಳೇ ತಾಮ್ರದ ಚೊಂಬಿನ ತಳದ ಹಾಗೆ ಕಂಡ. ಅದನ್ನೂ ನಾನು ನೋಡಿದ್ದು ಮುಂದಿನವರು ಎತ್ತಿ ಹಿಡಿದ ಫೋನುಗಳಲ್ಲಿ.

ಊರಿಗೆ ಬಂದು ಲೆಕ್ಕ ಹಾಕಿದರೆ ಎರಡು ಸಲಕ್ಕೆ ನಲವತ್ತು ಸಾವಿರ ಬಾತ್ ಹತ್ತಿರ ಹೋಗಿತ್ತು. ಅದರಲ್ಲಿ ಎಟಿಎಂ ಶುಲ್ಕವೇ ಎರಡು ಸಾವಿರದಷ್ಟು. ಆಗ ಪ್ರತಿ ಸಲ ಹಣ ತೆಗೆದಾಗಲೂ 220 ಬಾತ್ ಮುರಿಯುತ್ತಿದ್ದರು, ಅದು ಗೊತ್ತಿದ್ದೂ ಸಾವಿರ, ಎರಡು ಸಾವಿರ ಅಂತ ತೆಗೆಯುತ್ತಾ ಹೋಗಿದ್ದೆ.

ಮೂರನೇ ಸಲ ಮೊದಲು ಕೈಬಿಟ್ಟಿದ್ದು ಸೂರ್ಯನನ್ನು. ಆಮೇಲೆ ಬ್ಯಾಂಕಾಕನ್ನು. ನದಿ ಇಳಿದಿರಬೇಕು, ಹೊಗೆ ಶುರುವಾಗಿರಬಾರದು, ಬಿಸಿಲು ಏರಿರಬಾರದು. ಇಷ್ಟು ಕೇಳಿದರೆ ಉಳಿಯುವುದು ಡಿಸೆಂಬರ್, ಜನವರಿ. ಅದರಲ್ಲೂ ಹೊಸ ವರ್ಷದ ವಾರ ಬೇಡ. ಬ್ಯಾಂಕಾಕಿನಲ್ಲಿ ದುಡಿಯುವ ಅರ್ಧ ಜನ ಈಸಾನ್‌ನವರೇನೋ ಅನ್ನಿಸುತ್ತದೆ, ಆ ವಾರ ಎಲ್ಲ ಊರಿಗೆ ಹೋಗುತ್ತಾರೆ, ರೈಲಿನಲ್ಲಿ ಕಾಲಿಡಲು ಆಗುವುದಿಲ್ಲ. ನಾವು 10ನೇ ತಾರೀಕಿನ ಸುಮಾರಿಗೆ ಹೊರಟು 22ರೊಳಗೆ ಮುಗಿಸಿದೆವು.

ದಾರಿ ಒಂದೇ. ಬ್ಯಾಂಕಾಕಿನಿಂದ ಉಬೋನ್‌ವರೆಗಿನ 575 ಕಿಲೋಮೀಟರ್ ರೈಲು ಹಳಿ. ಕೋರಾತ್, ಬುರಿರಾಮ್, ಸುರಿನ್, ಉಬೋನ್. ಇಳಿ, ಎರಡು ರಾತ್ರಿ ಇರು, ಮುಂದಿನ ರೈಲು ಹತ್ತು. ಹಿಂದೆ ಬರುವ ಮಾತಿಲ್ಲ. ಕೊನೆಯಲ್ಲಿ ಉಬೋನ್‌ನಿಂದ ರಾತ್ರಿ ಸ್ಲೀಪರ್. ನಡುವಿನದ್ದೆಲ್ಲ ಮೂರನೇ ಕ್ಲಾಸು, ಫ್ಯಾನು, ತೆರೆದ ಕಿಟಕಿ, ಒಂದೊಂದು ತುಂಡಿಗೆ ಐವತ್ತು ಬಾತ್ ಮೀರಿದ ನೆನಪಿಲ್ಲ. ಮೊದಲ ಮತ್ತು ಕೊನೆಯ ರೂಮು ಬಿಟ್ಟರೆ ಏನನ್ನೂ ಮುಂಚೆ ಬುಕ್ ಮಾಡಲಿಲ್ಲ. ದುಡ್ಡು ಒಂದೇ ಸಲ ತೆಗೆದೆ.

ಇಂಗ್ಲಿಷ್ ನಡೆಯಲ್ಲ, ಊರಿನ ಹೆಸರೇ ಬಾಯಿಗೆ ಬರಲ್ಲ ಅಂತ ಹೆದರಿಸಿದವರಿಗೆ ಒಂದು ಮಾತು. ನಮಗೆ ಅಲ್ಲಿನ ಹೆಸರುಗಳು ಅರ್ಧ ಗೊತ್ತೇ ಇವೆ. ಕೋರಾತ್‌ನ ಪೂರ್ತಿ ಹೆಸರು ನಖೋನ್ ರಾಚ್ಚಸೀಮಾ, ಅಂದರೆ ನಗರ, ರಾಜ, ಸೀಮೆ. ಉಬೋನ್ ರಾಚ್ಚಥಾನಿಯಲ್ಲಿ ರಾಜಧಾನಿ ಕೂತಿದೆ. ಬುರಿರಾಮ್ ಅಂದರೆ ಪುರಿ, ರಮ್ಯ. ಟಿಕೆಟ್ ಕೌಂಟರಿನಲ್ಲಿ ನಾನು ನಮ್ಮ ಕಡೆಯ ಉಚ್ಚಾರದಲ್ಲಿ ಹೇಳಿದೆ, ಅವಳು ನಕ್ಕಳು, ಟಿಕೆಟ್ ಮಾತ್ರ ಸರಿಯಾದ ಊರಿಗೇ ಬಂತು.

ಕೋರಾತ್‌ನಿಂದ ಫಿಮಾಯ್‌ಗೆ ಬಸ್ಸು, ಅರವತ್ತು ಕಿಲೋಮೀಟರ್. ಅಲ್ಲಿನ ಖಮೇರ್ ಗುಡಿ ಬೌದ್ಧರದ್ದು, ಆದರೆ ಒಂದು ಬಾಗಿಲಿನ ಮೇಲೆ ನಾಗಪಾಶದಲ್ಲಿ ಸಿಕ್ಕಿಬಿದ್ದ ರಾಮ ಲಕ್ಷ್ಮಣರಿದ್ದಾರೆ. ಪೂರ್ವಕ್ಕೆ ಮುಖ ಮಾಡದೆ ದಕ್ಷಿಣಕ್ಕೆ, ಅಂಗ್ಕೋರ್ ಕಡೆಗೆ ತಿರುಗಿದ ಗುಡಿ. ಊರಾಚೆ ಮುನ್ ನದಿಯ ನೀರಿನಲ್ಲಿ ಬಿಳಲು ಬಿಟ್ಟ ಆಲದ ಮರವೊಂದಿದೆ. ಸಂಜೆ ಅಲ್ಲಿಗೆ ಹೋಗಿ.

ಫನೋಮ್ ರುಂಗ್‌ಗೆ ಬುರಿರಾಮ್‌ನಿಂದ ನಾಂಗ್ ರೋಂಗ್ ದಾರಿ. ಅಲ್ಲೊಬ್ಬ ಬೈಕಿನವನಿದ್ದಾನೆ. ಅವನ ನಂಬರ್ ಎಷ್ಟು ಜನ ಕೇಳಿದರೂ ಕೊಟ್ಟಿಲ್ಲ, ಇಲ್ಲೂ ಕೊಡಲ್ಲ. ಮಂಗಳವಾರ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಗುಡ್ಡದ ಮೇಲಿದ್ದೆವು. ಕಮಲದ ಮೊಗ್ಗಿನ ತಲೆಯ ಕಲ್ಲುಕಂಬಗಳ ನಡುವೆ ಉದ್ದನೆಯ ಹಾದಿ, ಆಮೇಲೆ ನಾಗನ ಹೆಡೆಗಳ ಸೇತುವೆ, ಆಮೇಲೆ ಮೆಟ್ಟಿಲು. ಪೂರ್ವದ ಬಾಗಿಲಿನ ಮೇಲೆ ಕುಣಿಯುವ ಶಿವ, ಅವನ ಕೆಳಗೇ ಮಲಗಿದ ವಿಷ್ಣು. ಈ ವಿಷ್ಣುವಿನ ಕಲ್ಲು 1960ರ ದಶಕದಲ್ಲಿ ಕಾಣೆಯಾಗಿ, ಆಮೇಲೆ ಶಿಕಾಗೋದ ಮ್ಯೂಸಿಯಮ್ಮಿನಲ್ಲಿ ಸಿಕ್ಕಿ, 1988ರಲ್ಲಿ ವಾಪಸ್ ಬಂತು. ಒಳಗೆ ನಂದಿ ಇದೆ. ಗರ್ಭಗುಡಿಯಿಂದ ಅಭಿಷೇಕದ ನೀರು ಹೊರಗೆ ಹರಿಯಲು ಕಲ್ಲಿನಲ್ಲಿ ಕೊರೆದ ಕಾಲುವೆ ಇದೆ, ಸೋಮಸೂತ್ರ. ನನ್ನ ಹೆಂಡತಿ ಅದನ್ನು ನೋಡಿದ್ದೇ, ದಾಟಬಾರದು ಅಂತ ನನ್ನ ಅಂಗಿ ಹಿಡಿದು ಎಳೆದಳು. ಪಶ್ಚಿಮದ ತುದಿಗೆ ಹೋಗಿ ನಿಂತು ಹದಿನೈದು ಬಾಗಿಲುಗಳನ್ನು ಎಣಿಸಿದೆ. ಸೂರ್ಯ ಇರಲಿಲ್ಲ. ಆಚೆ ತುದಿಯ ಚೌಕಟ್ಟಿನಲ್ಲಿ ಒಬ್ಬಳು ಪೊರಕೆ ಹಿಡಿದು ಎಲೆ ಗುಡಿಸುತ್ತಿದ್ದಳು, ಬೆರಳುದ್ದ ಕಾಣುತ್ತಿದ್ದಳು.

ಕೆಳಗೆ ಎಂಟು ಕಿಲೋಮೀಟರಿಗೆ ಮುವಾಂಗ್ ತಾಮ್ ಗುಡಿ. ನಾಲ್ಕು ಮೂಲೆಗೂ ಕೊಳ, ಕೊಳದ ಅಂಚಿಗೆ ಮಲಗಿದ ನಾಗಗಳು. ಎರಡಕ್ಕೂ ಸೇರಿ ನಾವು ಕೊಟ್ಟಿದ್ದು 150 ಬಾತ್. ಆ ಬೆಳಗ್ಗೆ ಅಲ್ಲಿ ನಾವಿಬ್ಬರು ಮತ್ತು ಒಂದು ನಾಯಿ.

ಊಟದ ವಿಚಾರ. ನಾವು ಸಸ್ಯಾಹಾರಿಗಳು, ಈಸಾನ್ ಅಂದರೆ ಹುದುಗಿಸಿದ ಮೀನಿನ ಸೀಮೆ. ಅದನ್ನು ಪ್ಲಾ ರಾ ಅಂತಾರೆ, ಪಪ್ಪಾಯಿ ಸಲಾಡಿಗೂ ಸುರಿಯುತ್ತಾರೆ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ "ಜೇ" ಅಂತ ಬರೆದ ಅಂಗಡಿ ಸಿಕ್ಕರೆ ಗೆದ್ದಂತೆ, ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಸಿಗದ ಕಡೆ ನನ್ನದೊಂದು ಪ್ರಯೋಗ. ಬೆಳಗ್ಗೆ ಮಾರ್ಕೆಟ್ಟಿನಲ್ಲಿ ಹತ್ತು ಬಾತ್‌ಗೆ ಒಂದು ಪೊಟ್ಟಣ ಅಂಟನ್ನ. ಅದಕ್ಕೆ ಮನೆಯಿಂದ ತಂದ ಚಟ್ನಿಪುಡಿ. ಎಣ್ಣೆ ಹಾಕಿದರೆ ಅಂಟನ್ನ ಜಾರುತ್ತದೆ, ಮೊಸರು ಹಾಕಿದರೆ ಸೋಲುತ್ತದೆ. ಬರೀ ಪುಡಿಯಲ್ಲಿ ಉಂಡೆ ಅದ್ದಿ ತಿನ್ನಬೇಕು. ಅರ್ಧ ಕೆಜಿ ಪುಡಿ ಒಂಬತ್ತನೇ ದಿನಕ್ಕೆ ಖಾಲಿ. ರೈಲಿನಲ್ಲಿ ಎದುರು ಕೂತ ಅಜ್ಜಿಗೆ ಕೊಟ್ಟಿದ್ದೂ ಅದಕ್ಕೆ ಕಾರಣ. ಆಕೆ ಬದಲಿಗೆ ಬಾಳೆಹಣ್ಣು ತುಂಬಿದ ಎಲೆಕಡುಬು ಕೊಟ್ಟಳು, ಥೇಟ್ ನಮ್ಮ ಕಡೆಯದೇ.

ಉಬೋನ್‌ನಲ್ಲಿ ಈ ಸಲ ನಾಲ್ಕು ರಾತ್ರಿ. ಸಾಮ್ ಫಾನ್ ಬೋಕ್‌ಗೆ ಮತ್ತೆ ಕಾರು, ಮತ್ತೆ ಸುಮಾರು ಎರಡು ಸಾವಿರ. ದಡ ಇಳಿದೆ. ಹೋದ ಸಲ ನೀರಿದ್ದ ಜಾಗದಲ್ಲಿ ಮನೆಯೆತ್ತರದ ಬಂಡೆಗಳ ನಡುವೆ ನಡೆಯುತ್ತಿದ್ದೆ. ಮಳೆಗಾಲದ ಸುಳಿಯಲ್ಲಿ ಕಲ್ಲು, ಮರಳು ಗಿರಗಿರ ತಿರುಗಿ ಕೊರೆದ ಗುಂಡಿಗಳು. ಕೆಲವು ಥೇಟ್ ಒರಳುಕಲ್ಲು, ಒಳಗೆ ಗುಂಡುಕಲ್ಲೂ ಕೂತಿತ್ತು. ಕೆಲವದರೊಳಗೆ ಎಮ್ಮೆ ಇಳಿಯಬಹುದು. ಇನ್ನೊಂದು ದಿನ ಖೋಂಗ್ ಚಿಯಾಮ್, ಮುನ್ ನದಿ ಮೆಕಾಂಗ್ ಸೇರುವ ಜಾಗ, ಅಲ್ಲಿಂದ ಫಾ ತೇಮ್ ಬಂಡೆಯ ಮೂರು ಸಾವಿರ ವರ್ಷ ಹಳೆಯ ಚಿತ್ರಗಳು. ಮೀನು, ಆನೆ, ಕೈಗಳ ಅಚ್ಚು. ದೋಣಿ ಹತ್ತಿದ್ದು ಎಲ್ಲರೂ ಹತ್ತುವ ಕಟ್ಟೆಯಿಂದಲ್ಲ. ಆ ಹಳ್ಳಿಯ ಹೆಸರು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಒಂದು ಸಲ ಮಾತ್ರ ಹಳಿ ಬಿಟ್ಟೆ. ಉದೋನ್ (ಉಬೋನ್ ಅಲ್ಲ, ಬೇರೆ ಊರು) ಹತ್ತಿರದ ಕೆಂಪು ತಾವರೆ ಕೆರೆ ನೋಡೋಣ ಅಂತ ಬಸ್ಸಿನಲ್ಲಿ ಆರೇಳು ಗಂಟೆ ಅಡ್ಡ ಹೋದೆವು. ಮಾರನೇ ದಿನ ಸುಮ್ನೆ ತಿಂಡಿ ಮುಗಿಸಿ ನಿಧಾನಕ್ಕೆ ಹೊರಟು ಹನ್ನೊಂದರ ಮೇಲೆ ದೋಣಿ ಹತ್ತಿದರೆ ಹೂಗಳೆಲ್ಲ ಮುಚ್ಚಿಕೊಳ್ಳುತ್ತಿವೆ. ಅವು ಬೆಳಗಿನ ಹೂ. ಒಂದೂವರೆ ದಿನ, ಸಾವಿರದೈನೂರು ಬಾತ್. ನನ್ನ ನಿಯಮ ನಾನೇ ಮುರಿದಿದ್ದಕ್ಕೆ ದಂಡ ಅಂದುಕೊಂಡೆ.

"ಬರೀ ಗದ್ದೆ" ಅಂದಿದ್ದ ಗೆಳೆಯ ಫೋಟೋ ನೋಡಿ ಇಡೀ ದಾರಿ ಬರೆಸಿಕೊಂಡ. ಸ್ಟೇಷನ್, ಬಸ್ಸು, ರೂಮಿನ ದರ, ಎಲ್ಲ ಕೊಟ್ಟೆ. ತಿಂಗಳನ್ನು ಮೂರು ಸಲ ಒತ್ತಿ ಹೇಳಿದೆ. ಮೊನ್ನೆ ಫೋನ್ ಮಾಡಿದ್ದ, ಟಿಕೆಟ್ ಆಗಿದೆಯಂತೆ. ಸೆಪ್ಟೆಂಬರ್‌ಗೆ. ಸಿಕ್ಕಾಪಟ್ಟೆ ಅಗ್ಗಕ್ಕೆ ಸಿಕ್ತು ಅಂದ.