ಮೊಲದ ಹಿಂಬದಿಗೆ ಅಂಟಿದ ಹಿಕ್ಕೆ: ನೀರಿಲ್ಲದೆ ತೆಗೆದದ್ದು ಹೀಗೆ

ಬಾಲದ ಕೆಳಗೆ ಮೆತ್ತನೆಯ ಹಿಕ್ಕೆ ಅಂಟಿ, ಒಣಗಿ, ಕೂದಲ ಸಮೇತ ಗಟ್ಟಿ ಉಂಡೆಯಾಗುತ್ತಿತ್ತು. ವಾಸನೆ ಬೇರೆ.

ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಇನ್ನಷ್ಟು ಹರಡಿತು. ಕತ್ತರಿ ಹಿಡಿದು ಕೆಳಗಿಟ್ಟೆ. ಮೊಲದ ಚರ್ಮ ಬಲು ತೆಳು, ಕೂದಲ ಜೊತೆ ಅದೂ ಸಿಕ್ಕಿಬಿಡುತ್ತದೆ. ಟಬ್‌ನಲ್ಲಿ ಪೂರ್ತಿ ಸ್ನಾನ ಮಾಡಿಸಿದ್ದಂತೂ ದೊಡ್ಡ ತಪ್ಪು: ಒಳಗೂದಲು ಗಂಟೆಗಟ್ಟಲೆ ಒಣಗಲಿಲ್ಲ, ಮೈ ತಣ್ಣಗಾಯಿತು. ಮೊಲ ಹೆದರಿ ಜೋರಾಗಿ ಕಾಲು ಝಾಡಿಸಿದರೆ ಅದರ ಬೆನ್ನುಮೂಳೆಯೇ ಮುರಿಯಬಹುದು.

ಕೊನೆಗೆ ಕೈಹಿಡಿದದ್ದು ಅಡುಗೆಮನೆಯ ಕಾರ್ನ್‌ಫ್ಲೋರ್. (ಟಾಲ್ಕಂ ಪೌಡರ್ ಬೇಡ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.) ತೊಡೆಯ ಮೇಲೆ ಟವೆಲ್ ಹಾಸಿ ಮೊಲವನ್ನು ಕೂರಿಸಿಕೊಂಡೆ, ಅಂಗಾತ ಮಲಗಿಸಲಿಲ್ಲ. ಒಂದು ಚಮಚ ಹಿಟ್ಟನ್ನು ಉಂಡೆಯ ಮೇಲೆ ಉದುರಿಸಿ, ಕೂದಲ ಬುಡದವರೆಗೆ ಬೆರಳಲ್ಲಿ ತಿಕ್ಕಿ, ಒಂದೆರಡು ನಿಮಿಷ ಬಿಟ್ಟೆ. ಆಮೇಲೆ ಎಡಗೈಯಲ್ಲಿ ಚರ್ಮವನ್ನು ಒತ್ತಿ ಹಿಡಿದು, ಬಲಗೈ ಬೆರಳುಗಳಲ್ಲಿ ಉಂಡೆಯನ್ನು ಪುಡಿ ಮಾಡುತ್ತಾ ತುದಿಯಿಂದ ಬುಡದ ಕಡೆಗೆ ಬಿಡಿಸಿದೆ. ಬಿಡದಿದ್ದಲ್ಲಿ ಎಳೆಯದೆ ಮತ್ತಷ್ಟು ಹಿಟ್ಟು. ಎಲ್ಲ ಬಿಟ್ಟ ಮೇಲಷ್ಟೇ ಬಾಚಣಿಗೆ, ಉಳಿದ ಹಿಟ್ಟು ಕೊಡವಲು. ಹಿಟ್ಟು ಮೂಗಿನ ಕಡೆ ಹಾರಬಾರದು.

ಮತ್ತೆ ಅಂಟದಿರಲೆಂದು ಪೆಲೆಟ್ (ಗುಳಿಗೆಯಂಥ ಸಿದ್ಧ ಆಹಾರ) ಕಡಿಮೆ ಮಾಡಿ, ಒಣಹುಲ್ಲು ಸದಾ ಸಿಗುವಂತೆ ಇಟ್ಟೆ. ಕೆಲವೇ ದಿನಗಳಲ್ಲಿ ನಿಂತಿತು. ನೀರಾಗಿ ಭೇದಿಯಾಗುತ್ತಿದ್ದರೆ ಅಥವಾ ಅಲ್ಲಿ ನೊಣದ ಹುಳು ಕಂಡರೆ ಹಿಟ್ಟು ಹಿಡಿದು ಕೂರಬೇಡಿ, ತಕ್ಷಣ ಪಶುವೈದ್ಯರ ಬಳಿ ಒಯ್ಯಿರಿ.