ಬೈಕಿನ ಐಡ್ಲಿಂಗ್ ಮಿಕ್ಸ್ಚರ್ ನೀವೇ ಹೊಂದಿಸಿ

ಸಿಗ್ನಲ್‌ನಲ್ಲಿ ನಿಂತ ಕೂಡಲೇ ಬೈಕ್ ಆಫ್ ಆಗುತ್ತದೆ ಎಂದರೆ ಗ್ಯಾರೇಜಿನಲ್ಲಿ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಓಡುವ ವೇಗ, ಏರಿಸಿ ಕಳಿಸುತ್ತಾರೆ. ಮೈಲೇಜ್ ಬರುತ್ತಿಲ್ಲ ಎಂದರೆ, ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬೊರೇಟರ್‌ನ ಪುಟ್ಟ ಸ್ಕ್ರೂ ಒಂದನ್ನು ಅಂದಾಜಿನಲ್ಲಿ ತಿರುಗಿಸಿ ಕಳಿಸುತ್ತಾರೆ. ಎರಡೂ ಅರ್ಧ ನಿಮಿಷದ ಕೆಲಸ. ಆದರೆ ಆ ಪುಟ್ಟ ಸ್ಕ್ರೂ ಎಲ್ಲಕ್ಕಿಂತ ಕೊನೆಗೆ ಮುಟ್ಟಬೇಕಾದದ್ದು. ಅದನ್ನು ಕಿವಿಗೊಟ್ಟು, ನಿಧಾನವಾಗಿ ಹೊಂದಿಸಬೇಕು. ಒಂದು ಒಳ್ಳೆಯ ಚಪ್ಪಟೆ ಸ್ಕ್ರೂಡ್ರೈವರ್, ಒಂದು ಚೀಟಿ, ಪೆನ್ನು ಇದ್ದರೆ ಮನೆ ಮುಂದೆಯೇ ಮಾಡಬಹುದು.

2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಬಹುತೇಕ ಕಾರ್ಬೊರೇಟರ್ ಬದಲು ಫ್ಯೂಯಲ್ ಇಂಜೆಕ್ಷನ್ ಇದೆ. ಅವುಗಳಿಗೆ ಈ ಲೇಖನ ಬೇಡ. ಅದಕ್ಕೂ ಹಿಂದಿನ ಸ್ಪ್ಲೆಂಡರ್, ಪಲ್ಸರ್, ಹಳೆ ಬುಲೆಟ್, ಆರ್‌ಎಕ್ಸ್ 100 ಇಟ್ಟುಕೊಂಡವರು ಮುಂದೆ ಓದಿ.

ಈ ಸ್ಕ್ರೂ ಮಾಡುವುದೇನು?

ಆಕ್ಸಿಲರೇಟರ್ ಬಿಟ್ಟಾಗ ಕಾರ್ಬೊರೇಟರ್‌ನ ಸ್ಲೈಡ್, ಅಂದರೆ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಭಾಗ, ಹೆಚ್ಚುಕಡಿಮೆ ಮುಚ್ಚಿರುತ್ತದೆ. ಆಗ ಎಂಜಿನ್‌ಗೆ ಪೆಟ್ರೋಲ್ ಹೋಗುವುದು ಪೈಲಟ್ ಜೆಟ್ ಎಂಬ ಸಣ್ಣ ಹಿತ್ತಾಳೆ ತೂತಿನಿಂದ. ಆ ದಾರಿಯಲ್ಲಿ ಗಾಳಿ ಎಷ್ಟು, ಪೆಟ್ರೋಲ್ ಎಷ್ಟು ಎಂದು ನಿರ್ಧರಿಸುವುದೇ ಮಿಕ್ಸ್ಚರ್ ಸ್ಕ್ರೂ. ಲೆಕ್ಕದ ಪ್ರಕಾರ 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಐಡ್ಲಿಂಗ್‌ನಲ್ಲಿ ಎಂಜಿನ್‌ಗೆ ಇದಕ್ಕಿಂತ ಸ್ವಲ್ಪ ಜಾಸ್ತಿ ಪೆಟ್ರೋಲ್ ಇದ್ದರೆ ಹಿತ. ಪೆಟ್ರೋಲ್ ಜಾಸ್ತಿಯಾದರೆ ರಿಚ್, ಗಾಳಿ ಜಾಸ್ತಿಯಾದರೆ ಲೀನ್ ಎನ್ನುತ್ತಾರೆ.

ಇದರ ಪ್ರಭಾವ ಥ್ರಾಟಲ್ ಕಾಲು ಭಾಗ ತೆರೆಯುವವರೆಗೆ ಮಾತ್ರ. ಅದಾದ ಮೇಲೆ ಸೂಜಿ ಮತ್ತು ಮೇನ್ ಜೆಟ್‌ನ ಆಳ್ವಿಕೆ. ಹಾಗಾಗಿ ಹೈವೇಯಲ್ಲಿ ಮೈಲೇಜ್ ಕಡಿಮೆ ಎಂದು ಈ ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ. ಊರೊಳಗಿನ ಟ್ರಾಫಿಕ್‌ನಲ್ಲಿ ನಿಂತು ನಿಂತು ಓಡಿಸುವವರಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ರೇಸ್ ಕೊಟ್ಟು ಬಿಟ್ಟಾಗ ಎಂಜಿನ್ ವೇಗ ಮೇಲೆಯೇ ನಿಂತು ತಡವಾಗಿ ಇಳಿದರೆ, ಸ್ಟಾರ್ಟ್ ಆಗಿ ಎಷ್ಟೋ ಹೊತ್ತಾದರೂ ಚೋಕ್ ಕೇಳುತ್ತಿದ್ದರೆ, ಥ್ರಾಟಲ್ ಮುಚ್ಚಿ ಇಳಿಜಾರಿನಲ್ಲಿ ಬರುವಾಗ ಸೈಲೆನ್ಸರ್‌ನಲ್ಲಿ ಪಟಪಟ ಸಿಡಿದರೆ ಅದು ಲೀನ್. ಆದರೆ ಸೈಲೆನ್ಸರ್ ಗ್ಯಾಸ್ಕೆಟ್ ಲೀಕ್ ಇದ್ದರೂ ಹಾಗೆಯೇ ಸಿಡಿಯುತ್ತದೆ, ಮೊದಲು ಅದನ್ನು ನೋಡಿ. ರೇಸ್ ಬಿಟ್ಟ ಕೂಡಲೇ ವೇಗ ತೀರಾ ಕೆಳಗೆ ಕುಸಿದು ಆಮೇಲೆ ಚೇತರಿಸಿಕೊಂಡರೆ, ಪೆಟ್ರೋಲ್ ವಾಸನೆ ಹೊಡೆದರೆ, ಪ್ಲಗ್ ಮಸಿ ಹಿಡಿದು ಕಪ್ಪಗಿದ್ದರೆ ಅದು ರಿಚ್.

ಮೊದಲು ಉಳಿದದ್ದೆಲ್ಲ ಸರಿಯಿರಲಿ

ಏರ್ ಫಿಲ್ಟರ್ ಧೂಳು ತುಂಬಿದ್ದರೆ ಯಾವ ಸ್ಕ್ರೂ ತಿರುಗಿಸಿದರೂ ಅಷ್ಟೇ. ಫಿಲ್ಟರ್, ಪ್ಲಗ್, ಟ್ಯಾಪೆಟ್ ಗ್ಯಾಪ್ (ಎಂಜಿನ್ ವಾಲ್ವ್‌ಗಳ ಸಂದು) ಮೂರನ್ನೂ ಮೊದಲು ಸರಿಮಾಡಿಸಿ. ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿರಬಾರದು. ಹ್ಯಾಂಡಲ್ ಪೂರ್ತಿ ಎಡಕ್ಕೆ, ಬಲಕ್ಕೆ ತಿರುಗಿಸಿದಾಗ ಐಡ್ಲಿಂಗ್ ಏರಿದರೆ ಕೇಬಲ್ ಎಳೆಯುತ್ತಿದೆ ಎಂದೇ ಅರ್ಥ. ಚೋಕ್ ಲಿವರ್ ಪೂರ್ತಿ ವಾಪಸ್ ಬರುತ್ತಿದೆಯೇ ನೋಡಿ.

ಇನ್ನೊಂದನ್ನು ಸುಮಾರು ಜನ ನೋಡುವುದೇ ಇಲ್ಲ. ಕಾರ್ಬೊರೇಟರ್ ಮತ್ತು ಎಂಜಿನ್ ಸೇರುವ ಕಡೆಯ ರಬ್ಬರ್ ಮತ್ತು ಓ-ರಿಂಗ್. ಹಳೆ ಬೈಕಿನಲ್ಲಿ ಇದು ಬಿರಿದು, ಅಲ್ಲಿಂದ ಕಳ್ಳಗಾಳಿ ಒಳಗೆ ಹೋಗುತ್ತದೆ. ಐಡ್ಲಿಂಗ್‌ನಲ್ಲಿಟ್ಟು ಆ ಜಾಯಿಂಟ್ ಸುತ್ತ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಚಿಮುಕಿಸಿ. ಎಂಜಿನ್ ಸದ್ದು ಬದಲಾದರೆ ಲೀಕ್ ಇದೆ. ಅದನ್ನು ಬದಲಿಸದೆ ಮುಂದೆ ಹೋಗಬೇಡಿ.

ಯಾವ ಸ್ಕ್ರೂ, ಯಾವ ಕಡೆಗೆ?

ಹೆಚ್ಚು ಜನ ತಪ್ಪುವುದು ಇಲ್ಲೇ. ಕಾರ್ಬೊರೇಟರ್‌ನಲ್ಲಿ ಹೊರಗೆ ಕಾಣುವ ಸ್ಕ್ರೂಗಳಲ್ಲಿ ಎರಡು ನಮಗೆ ಮುಖ್ಯ. ಒಂದು ಐಡ್ಲಿಂಗ್ ಸ್ಕ್ರೂ. ಇದು ದೊಡ್ಡದು, ಸ್ಪ್ರಿಂಗ್ ಸಮೇತ ಹೊರಗೆ ಚಾಚಿಕೊಂಡಿರುತ್ತದೆ, ಕೆಲವು ಬೈಕಿನಲ್ಲಿ ಕೈಯಲ್ಲೇ ತಿರುಗಿಸುವ ಗುಬುಟು ಇರುತ್ತದೆ. ಇದು ಸ್ಲೈಡನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ, ಅಷ್ಟೇ. ಇನ್ನೊಂದು ಸಣ್ಣದು, ಸಾಮಾನ್ಯವಾಗಿ ಗುಳಿಯೊಳಗೆ ಕೂತಿರುತ್ತದೆ. ಅದೇ ಮಿಕ್ಸ್ಚರ್ ಸ್ಕ್ರೂ.

ಈ ಸಣ್ಣ ಸ್ಕ್ರೂ ಎಲ್ಲಿದೆ ನೋಡಿ. ಏರ್ ಫಿಲ್ಟರ್ ಕಡೆಗೆ ಇದ್ದರೆ ಅದು ಏರ್ ಸ್ಕ್ರೂ, ಗಾಳಿಯನ್ನು ನಿಯಂತ್ರಿಸುತ್ತದೆ. ಬಿಗಿ ಮಾಡಿದರೆ ಗಾಳಿ ಕಡಿಮೆ, ಅಂದರೆ ರಿಚ್. ಸಡಿಲಿಸಿದರೆ ಲೀನ್. ಆರ್‌ಎಕ್ಸ್ 100ರಲ್ಲಿ ಇರುವುದು ಇದೇ ಬಗೆ. ಸ್ಕ್ರೂ ಎಂಜಿನ್ ಕಡೆಗೆ ಇದ್ದರೆ ಪೆಟ್ರೋಲ್ ಸ್ಕ್ರೂ. ಅಲ್ಲಿ ಎಲ್ಲವೂ ತಿರುಗುಮುರುಗು: ಬಿಗಿ ಮಾಡಿದರೆ ಲೀನ್, ಸಡಿಲಿಸಿದರೆ ರಿಚ್. ಒಂದು ಬೈಕಿನಲ್ಲಿ ಕಲಿತದ್ದನ್ನು ಇನ್ನೊಂದರಲ್ಲಿ ಹಾಗೇ ಮಾಡಿದರೆ ಕೆಡುವುದು ಇದಕ್ಕೇ. ಪೆಟ್ರೋಲ್ ಸ್ಕ್ರೂ ಕಾರ್ಬೊರೇಟರ್‌ನ ಕೆಳಗಡೆ ಇದ್ದರೆ ಎಡಬಲ ಗೊಂದಲವಾಗುತ್ತದೆ. ಸ್ಕ್ರೂ ತಲೆಯನ್ನು ನೇರವಾಗಿ ನೋಡುತ್ತಿರುವಂತೆ ಯೋಚಿಸಿ ಬಲಕ್ಕೆ ತಿರುಗಿಸಿದರೆ ಬಿಗಿ.

ಹೊಗೆ ನಿಯಮಕ್ಕಾಗಿ ಕೆಲವು ಮಾಡೆಲ್‌ಗಳಲ್ಲಿ ಈ ಸ್ಕ್ರೂ ಮೇಲೆ ಹಿತ್ತಾಳೆ ಬಿರಡೆ ಅಥವಾ ಪ್ಲಾಸ್ಟಿಕ್ ಕ್ಯಾಪ್ ಹಾಕಿ ಸೀಲ್ ಮಾಡಿರುತ್ತಾರೆ. ಅದನ್ನು ಮನೆಯಲ್ಲಿ ಒಡೆಯಬೇಡಿ. ಸರ್ವಿಸ್ ಸೆಂಟರ್‌ಗೆ ಬಿಡಿ.

ಈಗ ಕೆಲಸ ಶುರು

ಐದಾರು ಕಿಲೋಮೀಟರ್ ಓಡಿಸಿ ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ತಣ್ಣಗಿರುವ ಎಂಜಿನ್‌ನಲ್ಲಿ ಮಾಡಿದ ಸೆಟ್ಟಿಂಗ್ ಬಿಸಿಯಾದ ಮೇಲೆ ಸುಳ್ಳಾಗುತ್ತದೆ. ಬಯಲಿನಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ. ಶೆಡ್ ಒಳಗೆ, ಮನೆಯ ಕಾರ್ ಪಾರ್ಕಿಂಗ್‌ನಲ್ಲಿ ಬಾಗಿಲು ಮುಚ್ಚಿ ಖಂಡಿತ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಅದು ಜೀವ ತೆಗೆಯುತ್ತದೆ.

ಎಂಜಿನ್ ಆಫ್ ಮಾಡಿ. ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ಬಿಗಿ ಮಾಡುತ್ತಾ ಹೋಗಿ, ಸುತ್ತು ಎಣಿಸಿ. ತುದಿ ತಳಕ್ಕೆ ತಾಗಿದ್ದು ಬೆರಳಿಗೆ ಗೊತ್ತಾದ ಕೂಡಲೇ ನಿಲ್ಲಿಸಿ. ಇನ್ನೂ ಒತ್ತಿದರೆ ಸ್ಕ್ರೂವಿನ ಚೂಪು ತುದಿ ಅಥವಾ ಅದು ಕೂರುವ ಜಾಗ ಹಾಳಾಗುತ್ತದೆ. ಆಮೇಲೆ ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ, ಕಾರ್ಬೊರೇಟರ್ ಬದಲಿಸಬೇಕಾದೀತು. ಎಣಿಸಿದ ಸುತ್ತನ್ನು ಚೀಟಿಯಲ್ಲಿ ಬರೆದಿಡಿ. ಏನೇ ಎಡವಟ್ಟಾದರೂ ಅಲ್ಲಿಗೇ ವಾಪಸ್ ಬರಬಹುದಲ್ವಾ?

ಈಗ ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಸುತ್ತು ಸಡಿಲಿಸಿ. ಮ್ಯಾನುಯಲ್ ಇಲ್ಲದಿದ್ದರೆ ಏರ್ ಸ್ಕ್ರೂಗೆ ಒಂದೂವರೆ ಸುತ್ತು, ಪೆಟ್ರೋಲ್ ಸ್ಕ್ರೂಗೆ ಎರಡು ಸುತ್ತು ಒಳ್ಳೆಯ ಆರಂಭ. ಸ್ಟಾರ್ಟ್ ಮಾಡಿ, ಐಡ್ಲಿಂಗ್ ಸ್ಕ್ರೂನಿಂದ ವೇಗವನ್ನು ಮಾಮೂಲಿಗಿಂತ ಸ್ವಲ್ಪ ಮಾತ್ರ ಮೇಲಿಡಿ.

ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿ, ಕೈ ತೆಗೆದು ಐದಾರು ಸೆಕೆಂಡ್ ಕಾಯಿರಿ. ಎಂಜಿನ್ ಉತ್ತರ ಕೊಡಲು ಅಷ್ಟು ಹೊತ್ತು ಬೇಕು. ವೇಗ ಏರಿದರೆ ಇನ್ನೂ ಕಾಲು ಸುತ್ತು. ಇಳಿಯತೊಡಗಿದರೆ ವಾಪಸ್ ಬಂದು ಬಿಗಿ ಮಾಡುವ ಕಡೆಗೆ ಹೋಗಿ ನೋಡಿ. ಹಳೆಯ ರೇಡಿಯೊದಲ್ಲಿ ಸ್ಟೇಷನ್ ಹಿಡಿದ ಹಾಗೆ, ಎರಡೂ ಕಡೆ ದಾಟಿ ಹೋಗಿ ನಡುವಿನ ಜಾಗಕ್ಕೆ ಬರಬೇಕು. ಹತ್ತಿರ ಬಂದಾಗ ಅರೆಕಾಲು ಸುತ್ತಿನಷ್ಟೇ ತಿರುಗಿಸಿ. ಎಂಜಿನ್ ಅತಿ ವೇಗವಾಗಿ, ತಪ್ಪದೆ, ಒಂದೇ ಸಮನೆ ಓಡುವ ಜಾಗವೇ ನಮಗೆ ಬೇಕಾದದ್ದು.

ಅಲ್ಲಿ ಬಿಟ್ಟು, ಐಡ್ಲಿಂಗ್ ಸ್ಕ್ರೂ ತಿರುಗಿಸಿ ವೇಗ ಇಳಿಸಿ. ಸ್ಪ್ಲೆಂಡರ್‌ಗೆ ನಿಮಿಷಕ್ಕೆ 1400 ಸುತ್ತು, 100 ಹೆಚ್ಚುಕಡಿಮೆ. ಮೀಟರ್ ಇಲ್ಲದಿದ್ದರೆ ಪ್ಲಗ್ ವೈರ್‌ಗೆ ಸುತ್ತುವ ಸಣ್ಣ ಡಿಜಿಟಲ್ ಆರ್‌ಪಿಎಂ ಮೀಟರ್ ಸಿಗುತ್ತದೆ. ವೇಗ ಇಳಿಸಿದ ಮೇಲೆ ಮಿಕ್ಸ್ಚರ್ ಸ್ಕ್ರೂವನ್ನು ಮತ್ತೊಮ್ಮೆ ಎರಡೂ ಕಡೆ ತಿರುಗಿಸಿ ನೋಡಿ. ಮೊದಲು ಸಿಕ್ಕ ಜಾಗ ಸ್ವಲ್ಪ ಸರಿದಿರುತ್ತದೆ. ಈ ಎರಡನೇ ಸುತ್ತನ್ನು ಬಿಡಬೇಡಿ, ನಿಜವಾದ ಹೊಂದಾಣಿಕೆ ಸಿಗುವುದು ಇಲ್ಲೇ.

ಗಾಳಿಯಿಂದ ತಣ್ಣಗಾಗುವ ಎಂಜಿನ್ ನಿಂತಲ್ಲೇ ಬಹಳ ಹೊತ್ತು ಓಡಬಾರದು. ಹತ್ತು ನಿಮಿಷ ಮೀರಿದರೆ ಒಂದು ರೌಂಡ್ ಓಡಿಸಿಕೊಂಡು ಬಂದು ಮುಂದುವರಿಸಿ. ಬುಲೆಟ್‌ನವರಿಗೆ ಒಂದು ಮಾತು: ಡುಗ್ ಡುಗ್ ಸದ್ದಿನ ಆಸೆಗೆ ಐಡ್ಲಿಂಗ್ ತೀರಾ ಇಳಿಸಬೇಡಿ. ಎಂಜಿನ್ ನಿಧಾನವಾದಷ್ಟೂ ಆಯಿಲ್ ಪಂಪ್ ಕೂಡ ನಿಧಾನ, ಮೇಲಿನ ರಾಕರ್‌ಗಳಿಗೆ ಆಯಿಲ್ ಸಾಲುವುದಿಲ್ಲ.

ಸ್ಕ್ರೂ ತಿರುಗಿಸಿದರೂ ಏನೂ ಆಗದಿದ್ದರೆ

ಎರಡು ಕಾರಣ ಇರಬಹುದು. ಐಡ್ಲಿಂಗ್ ಸ್ಕ್ರೂ ಅತಿಯಾಗಿ ಏರಿಸಿದ್ದರೆ ಸ್ಲೈಡ್ ಮೇಲೆದ್ದು ಎಂಜಿನ್ ಬೇರೆ ದಾರಿಯಿಂದ ಪೆಟ್ರೋಲ್ ಎಳೆಯುತ್ತಿರುತ್ತದೆ. ಇಳಿಸಿ ನೋಡಿ. ಇಳಿಸಿದರೆ ಎಂಜಿನ್ ನಿಂತೇ ಹೋಗುತ್ತದೆ ಎಂದರೆ ಪೈಲಟ್ ಜೆಟ್ ಕಟ್ಟಿರುವ ಸಾಧ್ಯತೆ ಜಾಸ್ತಿ. ಅದರ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು. ತಿಂಗಳುಗಟ್ಟಲೆ ನಿಂತ ಬೈಕಿನಲ್ಲಿ ಪೆಟ್ರೋಲ್ ಒಣಗಿ ಅಂಟಾಗಿ ಕೂರುತ್ತದೆ. ಜೆಟ್ ಬಿಚ್ಚಿ ಕಾರ್ಬ್ ಕ್ಲೀನರ್ ಹಾಕಿ ಗಾಳಿ ಹೊಡೆಸಿ. ತಂತಿ, ಪಿನ್ನು ಚುಚ್ಚಬೇಡಿ, ಹಿತ್ತಾಳೆ ಮೆದು, ತೂತು ದೊಡ್ಡದಾಗಿಬಿಡುತ್ತದೆ. ಪೆಟ್ರೋಲ್ ಸ್ಕ್ರೂ ಆದರೆ ಅದರ ತುದಿಯ ಪುಟ್ಟ ಓ-ರಿಂಗ್ ಹರಿದಿದೆಯೇ ನೋಡಿ.

ಒಳ್ಳೆಯ ಜಾಗ ಒಂದು ಸುತ್ತಿಗಿಂತ ಒಳಗೆ ಅಥವಾ ಮೂರು ಸುತ್ತಿಗಿಂತ ಹೊರಗೆ ಸಿಕ್ಕರೂ ಅದು ಸ್ಕ್ರೂವಿನ ಸಮಸ್ಯೆ ಅಲ್ಲ. ಜೆಟ್ ಅಳತೆ, ಫ್ಲೋಟ್ ಮಟ್ಟ (ಕಾರ್ಬೊರೇಟರ್ ಒಳಗೆ ನಿಲ್ಲುವ ಪೆಟ್ರೋಲ್ ಮಟ್ಟ) ಸರಿಯಿದೆಯೇ, ಗಾಳಿ ಲೀಕ್ ಇದೆಯೇ ನೋಡಿ.

ರಸ್ತೆಯಲ್ಲಿ ಪರೀಕ್ಷೆ

40 ಕಿ.ಮೀ. ವೇಗದಲ್ಲಿ ಥ್ರಾಟಲ್ ಮುಚ್ಚಿ, ಸಿಡಿಯಬಾರದು. ನಿಂತು ಸ್ವಲ್ಪ ರೇಸ್ ಕೊಟ್ಟು ಬಿಟ್ಟರೆ ವೇಗ ನೇರ ಐಡ್ಲಿಂಗ್‌ಗೆ ಬಂದು ನಿಲ್ಲಬೇಕು. ಆರ್‌ಎಕ್ಸ್ 100ನಂಥ ಟೂ ಸ್ಟ್ರೋಕ್ ಬೈಕನ್ನು ಲೀನ್ ಕಡೆಗೆ ಮಾತ್ರ ಬಿಡಬೇಡಿ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಥ್ರಾಟಲ್ ಮುಚ್ಚಿಕೊಂಡು ಇಳಿಯುವಾಗ ಎಂಜಿನ್‌ಗೆ ಪೆಟ್ರೋಲ್ ಬರುವುದು ಈ ಸಣ್ಣ ದಾರಿಯಿಂದಲೇ.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್‌ಗೂ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿಗಿಂತ ಶೇ 8–9ರಷ್ಟು ತೆಳು. ಹಾಗಾಗಿ ಮಂಗಳೂರಿನಲ್ಲಿ ಸರಿಯಿದ್ದ ಬೈಕ್ ಇಲ್ಲಿ ಸ್ವಲ್ಪ ರಿಚ್ ಆಗುತ್ತದೆ. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಇದಕ್ಕೆ ಉಲ್ಟಾ. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುವುದರಿಂದ ಹಳೆಯ ಸೆಟ್ಟಿಂಗ್ ಲೀನ್ ಕಡೆಗೆ ಸರಿಯುತ್ತದೆ. ಹಳೆ ಬೈಕಿನವರು ಅರೆಕಾಲು ಸುತ್ತು ರಿಚ್ ಕಡೆಗೆ ಬಿಟ್ಟರೆ ಬೆಳಗಿನ ಸ್ಟಾರ್ಟಿಂಗ್ ಸುಲಭ.

ಕೊನೆಗೆ ಎಮಿಷನ್ ಟೆಸ್ಟ್ ಮಾಡಿಸಿ. ಬೈಕಿನ ಹೊಗೆ ಅಳೆಯುವುದು ಐಡ್ಲಿಂಗ್‌ನಲ್ಲೇ, ಹಾಗಾಗಿ ಆ ಟೆಸ್ಟಿನ ಚೀಟಿ ನಿಮ್ಮ ಕಿವಿಯ ತೀರ್ಮಾನವನ್ನು ತಾಳೆ ನೋಡುತ್ತದೆ. 2000ದ ಮಾರ್ಚ್ ನಂತರ ಬಂದ, ಬಿಎಸ್4ಗೆ ಮೊದಲಿನ ಫೋರ್ ಸ್ಟ್ರೋಕ್ ಬೈಕಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ 3.5, ಹೈಡ್ರೋಕಾರ್ಬನ್ 4500 ಪಿಪಿಎಂ. ಮಾನಾಕ್ಸೈಡ್ ಮಿತಿಯ ಹತ್ತಿರ ಇದ್ದರೆ ರಿಚ್, ಅರೆಕಾಲು ಸುತ್ತು ಲೀನ್ ಕಡೆಗೆ ತನ್ನಿ. ಮಾನಾಕ್ಸೈಡ್ ತೀರಾ ಕಡಿಮೆಯಿದ್ದು ಹೈಡ್ರೋಕಾರ್ಬನ್ ಮಾತ್ರ ಜಾಸ್ತಿಯಿದ್ದರೆ ಮಿಶ್ರಣ ಲೀನ್ ಆಗಿ ಮಿಸ್ಸಿಂಗ್ ಆಗುತ್ತಿದೆ, ಅಂದರೆ ಕೆಲವೊಮ್ಮೆ ಉರಿಯದೆಯೇ ಹೊರಹೋಗುತ್ತಿದೆ ಎಂದು ಮೊದಲ ಅನುಮಾನ. ಅರೆಕಾಲು ಸುತ್ತು ರಿಚ್ ಮಾಡಿ ಇನ್ನೊಮ್ಮೆ ಅಳೆಸಿ. ಆಗಲೂ ಇಳಿಯದಿದ್ದರೆ ಪ್ಲಗ್ ಕಡೆಗೆ ಗಮನ ಕೊಡಿ.