ನೆರವು ಪಡೆಯದವರ ಮೇಲಿನ ಪರಿಣಾಮವನ್ನು ಅಳೆಯುವುದು ಹೇಗೆ

ಊರಿನ ಅರ್ಧ ಜನಕ್ಕೆ ನೆರವು ಕೊಟ್ಟು ಉಳಿದವರೊಂದಿಗೆ ಹೋಲಿಸಿದರೆ ಲೆಕ್ಕ ಎರಡು ಕಡೆಗೂ ಕೆಡಬಹುದು. ಜಂತುಹುಳು ಮಾತ್ರೆ ನುಂಗಿದ ಮಕ್ಕಳಿಂದ ಸೋಂಕು ಹರಡುವುದು ತಗ್ಗಿ, ನುಂಗದವರೂ ಚೇತರಿಸಿಕೊಳ್ಳುತ್ತಾರೆ. ಆಗ ಮಾತ್ರೆಯ ಫಲ ಕಡಿಮೆ ಕಾಣುತ್ತದೆ. ಉದ್ಯೋಗ ನೆರವಿನಲ್ಲಿ ಇದು ತಿರುವುಮುರುವು. ಪಡೆದವರು ಪಡೆಯದವರ ಕೆಲಸವನ್ನೇ ಗಿಟ್ಟಿಸಿಕೊಂಡರೆ, ಒಟ್ಟು ಉದ್ಯೋಗ ಏರದಿದ್ದರೂ ಯೋಜನೆ ಗೆದ್ದಂತೆ ತೋರುತ್ತದೆ.

ಹಾಗಾಗಿ ಪರಿಣಾಮ ಯಾವ ದಾರಿಯಲ್ಲಿ ದಾಟುತ್ತದೆ ಎಂಬುದನ್ನು ಮೊದಲೇ ಬರೆದಿಡಿ: ಸೋಂಕು, ಮಾಹಿತಿ, ಬೆಲೆ, ಪೈಪೋಟಿ. ಸೋಂಕಾದರೆ ಶಾಲೆ, ಬೆಲೆಯಾದರೆ ಇಡೀ ಮಾರುಕಟ್ಟೆ ಪ್ರದೇಶ ನೀವು ಚೀಟಿ ಎತ್ತುವ ಘಟಕ.

ಚೀಟಿ ಎತ್ತುವುದು ಎರಡು ಹಂತದಲ್ಲಿ. ಮೊದಲು ಪ್ರತಿ ಊರಿಗೆ ಎಷ್ಟು ಪಾಲು ಅರ್ಹರಿಗೆ ನೆರವು ಎಂಬುದು. ಆಮೇಲೆ ಊರೊಳಗೆ ಯಾರಿಗೆ ಎಂಬುದು. ಫ್ರಾನ್ಸಿನ ಉದ್ಯೋಗ ನೆರವಿನ ಅಧ್ಯಯನವೊಂದರಲ್ಲಿ 235 ಪ್ರದೇಶಗಳಿಗೆ 0, 25, 50, 75, 100 ಶೇಕಡಾ ಹಂಚಿದ್ದರು. ಇಲ್ಲಿ ಶೂನ್ಯದ ಊರುಗಳೇ ಜೀವಾಳ. ವೆಚ್ಚ ಉಳಿಸಲೆಂದು ಅವನ್ನು ಕೈಬಿಟ್ಟರೆ ಆಮೇಲೆ ಯಾವ ಸಮೀಕರಣವೂ ಕೈಹಿಡಿಯದು. ನೆರವಿನ ಊರಲ್ಲಿ ಚೀಟಿ ಬಾರದ ಅರ್ಹರನ್ನು ಶೂನ್ಯದ ಊರಿನ ಅರ್ಹರೊಂದಿಗೆ ಹೋಲಿಸಿ. ಅನರ್ಹರ ಹೋಲಿಕೆ ಅನರ್ಹರೊಂದಿಗೇ.

ಊರಿಂದೂರಿಗೆ ದಾಟುವ ಪರಿಣಾಮಕ್ಕೆ ಜಿಪಿಎಸ್ ಬೇಕು. ಪ್ರತಿ ಮನೆಯ ಸುತ್ತ 0–1, 1–2 ಕಿ.ಮೀ. ಬಳೆಗಳಲ್ಲಿ ನೆರವು ಪಡೆದವರನ್ನು ಎಣಿಸಿ. ದಟ್ಟಣೆಯ ಜಾಗದಲ್ಲಿ ಆ ಎಣಿಕೆ ತಾನಾಗಿಯೇ ಹೆಚ್ಚುವುದರಿಂದ, ಅದೇ ಬಳೆಯ ಒಟ್ಟು ಅರ್ಹರ ಸಂಖ್ಯೆಯನ್ನೂ ಸಮೀಕರಣಕ್ಕೆ ಸೇರಿಸಲೇಬೇಕು. ಎಷ್ಟು ದೂರದವರೆಗೆ ಎಂಬುದನ್ನು ದತ್ತಾಂಶ ನೋಡುವ ಮೊದಲೇ ಗೊತ್ತುಪಡಿಸಿ. ಕೀನ್ಯಾದ ಹೆಸರಾಂತ ಜಂತುಹುಳು ಅಧ್ಯಯನದ (2004) ಲೆಕ್ಕದ ಕಂಪ್ಯೂಟರ್ ಕೋಡ್‌ನಲ್ಲಿ ತಪ್ಪಿದ್ದುದು ಮರುಪರಿಶೀಲನೆಯಲ್ಲಿ ಸಿಕ್ಕಿ, 3ರಿಂದ 6 ಕಿ.ಮೀ. ಬಳೆಯ ಪರಿಣಾಮ ನಿಲ್ಲಲಿಲ್ಲ.

ಮಾಹಿತಿ ಹರಡುವ ಯೋಜನೆಯಲ್ಲಿ ದೂರಕ್ಕಿಂತ ಒಡನಾಟ ಮುಖ್ಯ. ಯಾರ ಬಳಿ ಸಲಹೆ ಕೇಳುತ್ತೀರಿ ಎಂದು ಯೋಜನೆ ಶುರುವಾಗುವ ಮೊದಲೇ ಕೇಳಿ, ಏಕೆಂದರೆ ಯೋಜನೆಯೇ ಹೊಸ ಗೆಳೆತನ ಹುಟ್ಟಿಸುತ್ತದೆ. "ಐದೇ ಹೆಸರು" ಎಂಬ ಮಿತಿಯೂ ಬೇಡ.

ಮಾದರಿ ಗಾತ್ರದಲ್ಲೇ ಹೆಚ್ಚಿನವರು ಎಡವುವುದು. ಊರಿಗೆ 20 ಮಂದಿ, ಊರೊಳಗಿನ ಸಹಸಂಬಂಧ (ಒಂದೇ ಊರಿನವರ ಫಲಿತಾಂಶ ಎಷ್ಟು ಒಂದೇ ತೆರನಾಗಿದೆ ಎಂಬ ಅಳತೆ) 0.05 ಎನ್ನಿ. ಆಗ ಅಂದಾಜಿನ ಏರಿಳಿತ (ಪ್ರಸರಣ) 1 + 19 × 0.05, ಅಂದರೆ 1.95 ಪಟ್ಟು, 400 ಮಂದಿಯ ಮಾಹಿತಿ ಪರಸ್ಪರ ನಂಟಿಲ್ಲದ ಸುಮಾರು 205 ಮಂದಿಯದಕ್ಕೆ ಸಮ. ಹಣವಿದ್ದರೆ ಮನೆ ಹೆಚ್ಚಿಸಬೇಡಿ, ಊರು ಹೆಚ್ಚಿಸಿ. ಪ್ರಮಾಣಿತ ದೋಷವನ್ನೂ (ಅಂದಾಜು ಎಷ್ಟು ಆಚೀಚೆ ಆಗಬಹುದೆಂಬ ಅಳತೆ) ಊರಿನ ಮಟ್ಟದಲ್ಲೇ ಲೆಕ್ಕಹಾಕಿ; ಪರಿಣಾಮ ಊರು ದಾಟುವಂತಿದ್ದರೆ ಅದೂ ಸಾಲದು, ಅಕ್ಕಪಕ್ಕದ ಊರುಗಳ ನಂಟನ್ನೂ ಲೆಕ್ಕಕ್ಕೆ ತರಬೇಕು.